ಡಿಕ್ಕಿಯ ಮೇಲಿನ ವಿಂಗ್: ದಶಪಥದಲ್ಲಿ ಅದಕ್ಕೇನು ಕೆಲಸ?

ಸ್ಪೋರ್ಟ್ಸ್ ಕಾರು ಕೊಂಡ ಕೆಲವೇ ದಿನಗಳಲ್ಲಿ ಹೊರಗಿನಿಂದ ದೊಡ್ಡದೊಂದು ವಿಂಗ್ (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಯಂಥ ಪಟ್ಟಿ) ತರಿಸಿ ಡಿಕ್ಕಿಯ ಮೇಲೆ ಕೂರಿಸಿಕೊಳ್ಳುವುದು ಮೈಸೂರಿನಲ್ಲಿ ಈಚೆಗೆ ಹೆಚ್ಚಾಗಿದೆ. ರಸ್ತೆಯಲ್ಲಷ್ಟೇ ಓಡುವ ಕಾರಿಗೆ ಇದು ದಂಡದ ಖರ್ಚು ಎಂಬುದು ನನ್ನ ಅಭಿಪ್ರಾಯ. ಕಾರಿನ ಮುಂಭಾಗವನ್ನು ಮುಟ್ಟದೆ ಹಿಂದೆ ಮಾತ್ರ ವಿಂಗ್ ಹಾಕಿಸಿದರೆ, ಆ ವಿಂಗ್ ಚೆನ್ನಾಗಿ ಕೆಲಸ ಮಾಡಿದಷ್ಟೂ ಕಾರಿನ ನಡೆ ಕೆಡುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು. ಈ ಎರಡನೆಯ ಮಾತನ್ನು ಮಾರುವವರು ಯಾರೂ ಹೇಳುವುದಿಲ್ಲವಾದ್ದರಿಂದ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ಕೊಂಡಿರುವ ನನ್ನ ಅಕ್ಕನ ಮಗ, "ಮಾವ, ವಿಂಗ್ ಹಾಕಿದ್ರೆ ಗಾಡಿ ರೋಡಿಗೆ ಅಂಟ್ಕೊಂಡ್ ಹೋಗುತ್ತಂತೆ, ಹಾಕಿಸ್ಲಾ?" ಎಂದು ಕೇಳಿದ. ಅವನ ಓಡಾಟವೆಲ್ಲ ಮೈಸೂರಿನಿಂದ ಮಂಡ್ಯ, ಮದ್ದೂರು ದಾಟಿ ಬೆಂಗಳೂರಿನವರೆಗೆ, ಬಹುಪಾಲು ದಶಪಥ ಹೆದ್ದಾರಿಯಲ್ಲೇ. ಅಲ್ಲಿನ ವೇಗಮಿತಿ ಗಂಟೆಗೆ 100 ಕಿ.ಮೀ.; ಮೀರಿದರೆ ಕ್ಯಾಮೆರಾ ಇದೆ, ಮೊಬೈಲಿಗೆ ದಂಡದ ಮೆಸೇಜು ಬರುತ್ತದೆ. ಅವನ ಕಾರಿನಲ್ಲಿ ಕಂಪನಿಯೇ ಇಟ್ಟಿರುವ ಸಣ್ಣ ಸ್ಪಾಯ್ಲರ್ (ವೇಗದಲ್ಲಿ ಹಿಂಭಾಗ ಮೇಲೇಳದಂತೆ ತಡೆಯುವ ಪಟ್ಟಿ) ತಾನಾಗಿ ಮೇಲೇಳುವುದು 120 ಕಿ.ಮೀ. ವೇಗದಲ್ಲಿ. ಅಂದರೆ, ಕಾನೂನಿಗೆ ಬದ್ಧನಾಗಿ ಓಡಿಸಿದರೆ ಇರುವ ಸ್ಪಾಯ್ಲರೇ ಮೇಲೇಳುವ ಸಂದರ್ಭ ಬರುವುದಿಲ್ಲ. ಹೀಗಿರುವಾಗ ಇನ್ನೊಂದು ಯಾಕೆ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕು ಸುಮ್ಮನಾದ.

ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ, ಅಂದರೆ ಡೌನ್‌ಫೋರ್ಸ್, ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ವೇಗ ಅರ್ಧಕ್ಕೆ ಇಳಿದರೆ ಬಲ ಕಾಲು ಭಾಗ. ಒಂದು ಮೀಟರ್ 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ವಿಂಗ್ ಒಂದನ್ನು ಇಟ್ಟುಕೊಂಡು, ಅದು ಸಾಧಾರಣವಾಗಿ ಕೆಲಸ ಮಾಡುತ್ತದೆಂದು ಭಾವಿಸಿ ನಾನು ಲೆಕ್ಕ ಹಾಕಿದಾಗ, 80 ಕಿ.ಮೀ. ವೇಗದಲ್ಲಿ ಸಿಗುವುದು ಸುಮಾರು 10 ಕೆ.ಜಿ. ಒತ್ತಡ. ಡಿಕ್ಕಿಯಲ್ಲಿ ಒಂದು ಸಣ್ಣ ಅಕ್ಕಿ ಮೂಟೆ ಇಟ್ಟರೂ ಅಷ್ಟೇ ಭಾರ ಬೀಳುತ್ತದೆ. 120ರಲ್ಲಿ ಅದು 24 ಕೆ.ಜಿ. ಆಸುಪಾಸಿಗೆ ಬರುತ್ತದೆ, 200ರಲ್ಲಿ 66 ಕೆ.ಜಿ. ದಾಟುವುದಿಲ್ಲ. ಇತ್ತ ಗಾಳಿಯ ತಡೆಯನ್ನು ಗೆಲ್ಲಲು ಎಂಜಿನ್ ಒದಗಿಸಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವಿಂಗ್ ಸೇರಿಸುವ ತಡೆಗೆ ಪೆಟ್ರೋಲಿನ ರೂಪದಲ್ಲಿ ಸದಾ ಬೆಲೆ ತೆರುತ್ತಲೇ ಇರಬೇಕು.

ಆದರೂ ಮುಖ್ಯ ಪ್ರಶ್ನೆ ಎಷ್ಟು ಕೆ.ಜಿ. ಎಂಬುದಕ್ಕಿಂತ, ಆ ಭಾರ ಯಾವ ಗಾಲಿಯ ಮೇಲೆ ಬೀಳುತ್ತದೆ ಎಂಬುದು. ವಿಂಗ್ ಕೂರುವುದು ಹಿಂದಿನ ಆಕ್ಸಲ್ಲಿಗಿಂತಲೂ (ಗಾಲಿಗಳ ಅಚ್ಚಿಗಿಂತಲೂ) ಹಿಂದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಕಾರಿನಲ್ಲಿ, ಹಿಂದಿನ ಆಕ್ಸಲ್ಲಿನಿಂದ ಮುಕ್ಕಾಲು ಮೀಟರ್ ಆಚೆ 100 ಕೆ.ಜಿ. ಒತ್ತಡ ಬಿದ್ದರೆ, ಹಿಂದಿನ ಗಾಲಿಗಳ ಮೇಲೆ 130 ಕೆ.ಜಿ. ಏರುತ್ತದೆ ಮತ್ತು ಮುಂದಿನ ಗಾಲಿಗಳ ಮೇಲಿನ ಭಾರದಲ್ಲಿ 30 ಕೆ.ಜಿ. ಕಡಿಮೆಯಾಗುತ್ತದೆ. ಗಾಳಿಯು ಎತ್ತರದಲ್ಲಿ ವಿಂಗನ್ನು ಹಿಂದಕ್ಕೆ ತಳ್ಳುವುದರಿಂದ ಮುಂಭಾಗ ಇನ್ನೂ ಒಂದಿಷ್ಟು ಹಗುರವಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಕಾರನ್ನು ತಿರುಗಿಸಬೇಕಾದ ಗಾಲಿಗಳೇ ಹಿಡಿತ ಕಳೆದುಕೊಂಡರೆ, ವೇಗದ ತಿರುವಿನಲ್ಲಿ ಕಾರು ಹೊರಗಿನ ಅಂಚಿಗೆ ಜಾರುತ್ತಾ ಹೋಗುತ್ತದೆ. ಇದಕ್ಕೆ ವಿಂಗಿನ ಗುಣಮಟ್ಟ ಕಾರಣವಲ್ಲ. ಒಳ್ಳೆಯ ವಿಂಗ್ ಹಾಕಿದಷ್ಟೂ ಈ ತೊಂದರೆ ಹೆಚ್ಚೇ ಆಗುತ್ತದೆ.

ವಿಂಗ್ ಬೇಕೆನ್ನುವವರು ಸಾಮಾನ್ಯವಾಗಿ ತೋರಿಸುವ ಕಾರು ಪೋರ್ಷೆ 911 ಜಿಟಿ3 ಆರ್‌ಎಸ್. ಈಗಿನ ಮಾದರಿಯಲ್ಲಿ 200 ಕಿ.ಮೀ. ವೇಗಕ್ಕೆ 409 ಕೆ.ಜಿ., 285ಕ್ಕೆ 860 ಕೆ.ಜಿ. ಡೌನ್‌ಫೋರ್ಸ್ ಸಿಗುತ್ತದೆಂದು ಕಂಪನಿ ಹೇಳುತ್ತದೆ. ಎಲ್ಲರ ಕಣ್ಣೂ ಅದರ ಹಿಂದಿನ ವಿಂಗಿನ ಮೇಲೆ, ಆದರೆ ನೋಡಬೇಕಾದದ್ದು ಅದರ ಮುಂಭಾಗವನ್ನು. ಅಲ್ಲಿ ಲಗೇಜು ಇಡುವ ಜಾಗವನ್ನೇ ತೆಗೆದುಹಾಕಿ ಒಂದೇ ದೊಡ್ಡ ರೇಡಿಯೇಟರನ್ನು ನಡುವೆ ಓರೆಯಾಗಿ ಕೂರಿಸಿದ್ದಾರೆ. ಹಾಗೆ ಇಬ್ಬದಿಯಲ್ಲಿ ಉಳಿದ ಜಾಗದಲ್ಲಿ, ವೇಗಕ್ಕೆ ತಕ್ಕಂತೆ ತಾವಾಗಿ ಓರೆ ಬದಲಿಸಿಕೊಳ್ಳುವ ರೆಕ್ಕೆಗಳಿವೆ. ಹಿಂದಿನ ಒತ್ತಡಕ್ಕೆ ಸರಿಸಾಟಿಯಾಗಿ ಮುಂದೆಯೂ ಒತ್ತಡ ಹುಟ್ಟಿಸಲು ಇಷ್ಟೆಲ್ಲ ಮಾಡಿದ ಮೇಲೆ ಅವರು ಹಿಂದೆ ಅಷ್ಟು ದೊಡ್ಡ ವಿಂಗ್ ಇಟ್ಟಿದ್ದಾರೆ. ನಮ್ಮ ಅಂಗಡಿಗಳಲ್ಲಿ ಬಿಕರಿಯಾಗುವುದು ಆ ಕಾರಿನ ಹಿಂಬದಿಯ ನಕಲು ಮಾತ್ರ.

ಕೂರಿಸುವ ರೀತಿಯಂತೂ ಇನ್ನೂ ಕಳವಳದ ವಿಷಯ. 1966ರಲ್ಲಿ ಅಮೆರಿಕದ ಜಿಮ್ ಹಾಲ್ ತಮ್ಮ ಚಾಪರಲ್ 2ಇ ರೇಸ್ ಕಾರಿಗೆ ಎತ್ತರದ ವಿಂಗ್ ಹಾಕಿದಾಗ, ಅದರ ಕಂಬಗಳನ್ನು ಬಾಡಿಗೆ ಜೋಡಿಸದೆ ನೇರವಾಗಿ ಹಿಂದಿನ ಸಸ್ಪೆನ್ಷನ್ನಿಗೇ ಜೋಡಿಸಿದ್ದರು. ಒತ್ತಡ ಸೀದಾ ಗಾಲಿಗೆ ಇಳಿಯುತ್ತಿತ್ತು. ಅದನ್ನು ನೋಡಿ ಫಾರ್ಮುಲಾ ಒನ್ ತಂಡಗಳೂ ತೆಳ್ಳನೆಯ ಕಂಬಗಳ ಮೇಲೆ ವಿಂಗ್ ನಿಲ್ಲಿಸತೊಡಗಿದವು. 1969ರಲ್ಲಿ ಬಾರ್ಸಿಲೋನಾದ ಮೊಂಜುಯಿಕ್‌ನಲ್ಲಿ ನಡೆದ ಸ್ಪ್ಯಾನಿಷ್ ಗ್ರ್ಯಾಂಡ್ ಪ್ರಿಯಲ್ಲಿ ಗ್ರಹಾಂ ಹಿಲ್ ಮತ್ತು ಯೋಹೆನ್ ರಿಂಟ್ ಓಡಿಸುತ್ತಿದ್ದ ಎರಡೂ ಲೋಟಸ್ ಕಾರುಗಳ ವಿಂಗ್ ಮುರಿದು ಅಪಘಾತವಾಯಿತು, ಮುಂದಿನ ಮೊನಾಕೊ ರೇಸಿನಲ್ಲೇ ಎತ್ತರದ ವಿಂಗುಗಳಿಗೆ ನಿಷೇಧ ಬಿತ್ತು. ಲೋಟಸ್ಸಿನ ಎಂಜಿನಿಯರುಗಳಿಗೇ ಲೆಕ್ಕ ತಪ್ಪಿದ ಕೆಲಸವನ್ನು ನಮ್ಮಲ್ಲಿ ಒಂದು ಡ್ರಿಲ್ ಮತ್ತು ನಾಲ್ಕು ಬೋಲ್ಟುಗಳಲ್ಲಿ ಮುಗಿಸುತ್ತಾರೆ.

ಬನ್ನಿಮಂಟಪದ ಕಡೆಯ ಗ್ಯಾರೇಜೊಂದರಲ್ಲಿ ಅಂಥದೊಂದು ಕಾರನ್ನು ಹತ್ತಿರದಿಂದ ನೋಡಿದೆ. ವಿಂಗಿನ ತುದಿಯನ್ನು ಎರಡು ಬೆರಳಿನಿಂದ ಅದುಮಿದರೆ ಡಿಕ್ಕಿ ಬಾಗಿಲಿನ ತಗಡು ಬೋಲ್ಟಿನ ಸುತ್ತ ಒಳಕ್ಕೆ ತಗ್ಗಿ, ಕೈ ತೆಗೆದಾಗ ಟಪ್ಪೆಂದು ಮೇಲೇಳುತ್ತಿತ್ತು. ಒಳಗಡೆ ಭಾರ ಹಂಚಲು ಅಗಲವಾದ ಪಟ್ಟಿಯಿಲ್ಲ, ರೂಪಾಯಿ ನಾಣ್ಯದಷ್ಟು ವಾಷರ್ ಮಾತ್ರ. ತೂತು ಕೊರೆದ ಅಂಚಿಗೆ ಪ್ರೈಮರ್ ಹಚ್ಚಿರಲಿಲ್ಲವಾದ್ದರಿಂದ ಬಣ್ಣದಡಿ ತುಕ್ಕು ಉಂಗುರದಂತೆ ಹರಡಿತ್ತು, ಸ್ಟೆಪ್ನಿಯ ಗುಳಿಯಲ್ಲಿ ಮಳೆ ನೀರು ನಿಂತಿತ್ತು. ವಿಂಗಿನ ಹೆಚ್ಚುವರಿ ತೂಕಕ್ಕೆ ಗ್ಯಾಸ್ ಸ್ಟ್ರಟ್ಟುಗಳು ಸೋತು, ಎತ್ತಿದ ಬಾಗಿಲು ನಿಲ್ಲದೆ ಮೆಲ್ಲಗೆ ತಲೆಯ ಮೇಲೆ ಬರುತ್ತಿತ್ತು. ಕೋನವನ್ನಂತೂ ಹೊಂದಿಸುವಷ್ಟೂ ಮೇಲಕ್ಕೆ ಹೊಂದಿಸಿದ್ದರು. ಒಂದು ಮಿತಿ ದಾಟಿ ಓರೆ ಮಾಡಿದರೆ ವಿಂಗಿನ ಕೆಳಮೈಯಿಂದ ಗಾಳಿ ಬೇರ್ಪಟ್ಟು ಒತ್ತಡ ಕುಸಿಯುತ್ತದೆ, ತಡೆ ಮಾತ್ರ ಉಳಿಯುತ್ತದೆ.

ಹಿಂಬದಿಯಲ್ಲಿ ಏನನ್ನು ಇಟ್ಟರೂ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 1972ರ ಕೊನೆಯಲ್ಲಿ ಬಂದ ಪೋರ್ಷೆ ಕರೇರಾ ಆರ್‌ಎಸ್ 2.7 ಕಾರಿನ ಬಾತುಕೋಳಿ ಬಾಲದಂಥ ಪಟ್ಟಿ, ವೇಗದಲ್ಲಿ ಹಿಂಭಾಗ ಮೇಲಕ್ಕೇಳುವುದನ್ನು ನಿಜವಾಗಿಯೂ ತಗ್ಗಿಸುತ್ತಿತ್ತು. ಆಡಿ ಟಿಟಿಯ ಮೊದಲ ಮಾದರಿ ಜರ್ಮನಿಯ ಆಟೋಬಾನ್‌ಗಳಲ್ಲಿ ಅತಿವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ, ಕಂಪನಿ ಕಾರುಗಳನ್ನು ವಾಪಸು ಕರೆಸಿ ಸಣ್ಣ ಸ್ಪಾಯ್ಲರ್ ಸೇರಿಸಿತು. ಜೊತೆಗೆ ಸಸ್ಪೆನ್ಷನ್ನನ್ನೂ ಬದಲಿಸಿ, ಜಾರುವ ಕಾರನ್ನು ತಾನಾಗಿ ಹತೋಟಿಗೆ ತರುವ ಇಎಸ್‌ಪಿ ವ್ಯವಸ್ಥೆಯನ್ನೂ ಕೊಟ್ಟಿತು ಎಂಬುದನ್ನು ಗಮನಿಸಬೇಕು. ಕಂಪನಿ ಪರೀಕ್ಷಿಸಿ ಇಟ್ಟ ಪಟ್ಟಿಯನ್ನು ಚಂದಕ್ಕೆಂದು ತೆಗೆಯುವುದೂ ಅಷ್ಟೇ ತಪ್ಪು.

ರೇಸ್ ಟ್ರ್ಯಾಕಿಗೆ ಹೋಗುವವರ ವಿಚಾರ ಬೇರೆ. ಮೈಸೂರಿನವರಿಗೆ ಹತ್ತಿರದವುಗಳಲ್ಲಿ ಒಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು (ಆ ತಿರುವುಗಳ ವೇಗದಲ್ಲಿ ಯಾವ ವಿಂಗೂ ಲೆಕ್ಕಕ್ಕಿಲ್ಲ). ಕರಿ ಎರಡು ಕಿ.ಮೀ.ಗೆ ತುಸು ಹೆಚ್ಚಿನ ಚಿಕ್ಕ ಟ್ರ್ಯಾಕು, ಅಲ್ಲಿ ಒಂದು ಸುತ್ತಿನ ಸಮಯ ತಗ್ಗಿಸುವುದು ಮೊದಲಿಗೆ ಟೈರು, ಆಮೇಲೆ ಬ್ರೇಕ್ ಪ್ಯಾಡು ಮತ್ತು ಬ್ರೇಕ್ ಆಯಿಲ್ಲು, ಅದಾದ ಮೇಲೆ ಓಡಿಸುವವನ ಕಲಿಕೆ. ವಿಕ್ರಾಂತ್ ಟೈರ್ಸ್ ಕಾಲದಿಂದ ಟೈರು ತಯಾರಿಸುತ್ತಾ ಬಂದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವೆಲ್ಲ ಮುಗಿದ ಮೇಲೂ ವೇಗದ ತಿರುವಿನಲ್ಲಿ ಹಿಂಭಾಗ ಹಗುರವೆನಿಸಿದರೆ, ಮುಂದಿನ ಸ್ಪ್ಲಿಟರ್ (ಬಂಪರಿನ ಅಡಿಯಿಂದ ಮುಂದಕ್ಕೆ ಚಾಚುವ ಪಟ್ಟಿ) ಸಮೇತ ವಿಂಗ್ ಕೊಳ್ಳಿ. ಅದಕ್ಕೂ ಮೊದಲು ಹಿಂದಿನ ಗಾಜು ಮತ್ತು ಡಿಕ್ಕಿಯ ಮೇಲೆ ಉಲ್ಲನ್ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ, ಟ್ರ್ಯಾಕಿನಲ್ಲಿ ಪಕ್ಕದ ಕಾರಿನಿಂದ ವಿಡಿಯೋ ಮಾಡಿಸಿ ನೋಡಿ. ದಾರ ನೇರವಾಗಿ ಹಿಂದಕ್ಕೆ ಹರಿದಿದ್ದರೆ ಅಲ್ಲಿ ಗಾಳಿ ಸುಳಿಯಿಲ್ಲದೆ ಸರಾಗವಾಗಿ ಹರಿಯುತ್ತಿದೆ. ಸುತ್ತಿ ಸುಳಿದಾಡುತ್ತಿದ್ದರೆ ಆ ಎತ್ತರದಲ್ಲಿ ವಿಂಗ್ ಇಟ್ಟು ಉಪಯೋಗವಿಲ್ಲ.

ಕಾನೂನಿನ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಬಾಡಿಯ ಅಗಲ ಮೀರಿ ಚಾಚಿದ, ಪಾದಚಾರಿಯ ಎದೆಮಟ್ಟಕ್ಕೆ ಬರುವ ಚೂಪು ಅಂಚಿನ ವಿಂಗನ್ನು ಯಾವ ಅಧಿಕಾರಿಯಾದರೂ ಸುಮ್ಮನೆ ಬಿಡಬೇಕೆಂದು ನನಗೂ ಅನ್ನಿಸುವುದಿಲ್ಲ.

ಈಗಾಗಲೇ ಹಾಕಿಸಿಕೊಂಡಿರುವವರು, ನೋಡಲು ಚಂದ ಎಂಬ ಕಾರಣಕ್ಕೇ ಇಟ್ಟುಕೊಳ್ಳುವುದಾದರೆ ಕೋನವನ್ನು ಆದಷ್ಟು ಸಮತಟ್ಟಾಗಿಸಿ, ಒಳಗಡೆ ಅಗಲವಾದ ಲೋಹದ ಪಟ್ಟಿ ಕೊಡಿಸಿ, ಬೋಲ್ಟುಗಳನ್ನು ಆಗಾಗ ಬಿಗಿ ನೋಡಿ. ತೆಗೆಸುವುದಾದರೆ ತೂತುಗಳಿಗೆ ಬರೀ ಪುಟ್ಟಿ ಮೆತ್ತಿಸಬೇಡಿ, ಅದು ಬಿರುಕು ಬಿಡುತ್ತದೆ. ತುಕ್ಕು ಕೆರೆಸಿ, ತಗಡಿನ ಬಿಲ್ಲೆ ವೆಲ್ಡ್ ಮಾಡಿಸಿ, ಎರಡೂ ಕಡೆ ಪ್ರೈಮರ್ ಹೊಡೆಸಿ ಆಮೇಲೆ ಪೇಂಟ್ ಮಾಡಿಸಿ. ಮುಂಗಾರು ಹಿಡಿಯುವ ಮೊದಲೇ ಈ ಕೆಲಸ ಆಗುವುದು ಒಳ್ಳೆಯದು.