ಲೈಬ್ರರಿ ಇದೆ, ಆದರೆ ಯಾವ ಹೊತ್ತಿನಲ್ಲಿ?

ಪಂಚಾಯ್ತಿಗೆ ಮನೆ ಕಂದಾಯ ಕಟ್ಟುವವರು ಒಮ್ಮೆ ರಸೀದಿ ಪೂರ್ತಿ ನೋಡಿ. ಕಂದಾಯದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ ಅಂತೆಲ್ಲ ಸಾಲಾಗಿ ಇರುತ್ತೆ. ಅದರಲ್ಲಿ ಗ್ರಂಥಾಲಯ ಕರವೂ ಒಂದು, ಶೇಕಡ 6. ಸಾವಿರ ರೂಪಾಯಿ ಕಂದಾಯಕ್ಕೆ 60 ರೂಪಾಯಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಅಂದರೆ ಊರಿನ ಲೈಬ್ರರಿ ಯಾರೋ ಪುಣ್ಯಾತ್ಮರು ಕೊಟ್ಟ ದಾನ ಅಲ್ಲ, ನಮ್ಮದೇ ದುಡ್ಡು.

2019ರಲ್ಲಿ ಹಳ್ಳಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ಮಕ್ಕಳನ್ನು ಲೈಬ್ರರಿಗೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತಿದೆ. ಎಷ್ಟೋ ಕಡೆ ಗೋಡೆಗೆ ಚಿತ್ರ, ಒಳಗೆ ಕಂಪ್ಯೂಟರ್ ಬಂದಿವೆ. ಒಳ್ಳೆಯದೇ, ನಾನು ಕೊಂಕು ತೆಗೆಯಲ್ಲ.

ಆದರೆ ಬಾಗಿಲು ಯಾವಾಗ ತೆಗೆದಿರುತ್ತೆ? ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ಸಂಜೆ ಐದೂವರೆಗೆ ಬೀಗ. ಮಂಡ್ಯಕ್ಕೆ ಕಾಲೇಜಿಗೆ ಹೋದ ಹುಡುಗರು ಬಸ್ ಇಳಿಯುವುದೇ ಆರಕ್ಕೆ. ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳು ಇನ್ನೂ ತಡ. ಹಗಲೆಲ್ಲ ಕೂತು ಪೇಪರ್ ಓದುವವರು ನಾಲ್ಕು ಜನ ಹಿರಿಯರು. ಓದಲಿ, ಬೇಡ ಅಂದವರಾರು? (ರಾಶಿಭವಿಷ್ಯದ ಪುಟ ಮಾತ್ರ ಮಧ್ಯಾಹ್ನದೊಳಗೆ ಮಾಯ.)

ಮೇಲ್ವಿಚಾರಕಿಯನ್ನು ಕೇಳಿದೆ. "ನಾನೊಬ್ಳೆ ಕಣಣ್ಣ. ಆರ್ ಗಂಟೆಗೆ ಡೈರಿಗೆ ಹಾಲು ಹಾಕ್ಬೇಕು, ಇನ್ನೆಲ್ಲಿ ಕೂತ್ಕಳ್ಳನ?" ಅಂದರು. ಸರಿಯಾದ ಮಾತು. ಪುಸ್ತಕದ ಬೀರುವಿಗೂ ಯಾಕೆ ಬೀಗ ಅಂದರೆ, "ಒಂದು ಕಳೆದೋದ್ರೂ ಲೆಕ್ಕ ಕೇಳೋದು ನನ್ನೇ" ಅಂದರು. ಅವರನ್ನು ಬೈದು ಪ್ರಯೋಜನ ಇಲ್ಲ. ಓದಿಸಿಕೊಂಡ ಪುಸ್ತಕ ಹರಿಯುತ್ತೆ, ಒಂದೆರಡು ಕಳೆಯುತ್ತೆ. ಅದನ್ನು ಒಪ್ಪಿಕೊಳ್ಳದೆ ಬೀರು ತೆಗಿ ಅಂದರೆ ಯಾರು ತೆಗೆಯುತ್ತಾರೆ? ಸಂಜೆ ಪಾಳಿಗೂ ಇನ್ನೊಬ್ಬರನ್ನು ಹಾಕಬೇಕು. ಹೊಸ ಕಂಪ್ಯೂಟರ್‌ಗಿಂತ ಮೊದಲು ಇದು.

ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವವರ ಕಷ್ಟ ನೋಡಿ. ಮನೆಯಲ್ಲಿ ಇರುವುದು ಒಂದು ಹಾಲ್. ಅಲ್ಲೇ ಟಿವಿ, ಅಲ್ಲೇ ನೆಂಟರು. ಹಾಗಾಗಿ ಮೈಸೂರಲ್ಲಿ ರೂಮ್ ಮಾಡುತ್ತಾರೆ, ಅದರ ಮೇಲೆ ಖಾಸಗಿ ರೀಡಿಂಗ್ ರೂಮಿಗೂ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಒಂದು ಕುರ್ಚಿ, ಒಂದು ಟ್ಯೂಬ್‌ಲೈಟು, ಗಲಾಟೆ ಇಲ್ಲದ ಮೂರು ಗಂಟೆಗೆ ಇಷ್ಟೆಲ್ಲ. ಹುಡುಗಿಯರನ್ನು ಎಷ್ಟೋ ಮನೆಗಳಲ್ಲಿ ಹಾಗೆ ಕಳಿಸುವುದೂ ಇಲ್ಲ. ಅವರಿಗೆ ಊರೊಳಗಿನ ಲೈಬ್ರರಿಯೇ ಗತಿ. ಅಲ್ಲೊಂದು ಟಾಯ್ಲೆಟ್ಟೂ ಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ.

ನಮ್ಮ ಜಿಲ್ಲೆಯಲ್ಲಿ ಪುಸ್ತಕ ಪ್ರೀತಿಗೇನೂ ಬರ ಇಲ್ಲ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಸಂಬಳದ ದುಡ್ಡು ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಸಿದರು. ಅವರ ಫೋಟೊ ನಾವೆಲ್ಲ ಶೇರ್ ಮಾಡಿ ಕೈ ಮುಗಿಯುತ್ತೇವೆ. ಒಬ್ಬ ಮನುಷ್ಯ ಅಷ್ಟು ಮಾಡಿದ ಜಿಲ್ಲೆಯಲ್ಲಿ ಒಂದು ಪಂಚಾಯ್ತಿ ರಾತ್ರಿ ಎಂಟರವರೆಗೆ ಲೈಟ್ ಹಾಕಿಡೋಕೆ ಆಗಲ್ವಾ?

ಮುಂದಿನ ಗ್ರಾಮಸಭೆಯಲ್ಲಿ ನಾನು ಎರಡೇ ಕೇಳುವವನು. ನಮ್ಮ ಪಂಚಾಯ್ತಿಯಲ್ಲಿ ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು? ಸಂಜೆ ಆರರಿಂದ ಎಂಟರವರೆಗೆ ಬಾಗಿಲು ತೆಗೆಯೋಕೆ ಏನು ಅಡ್ಡಿ? ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದರೆ ಯಾರೂ ಕೂತಿರಲ್ಲ, ಅದಕ್ಕೇ ಮೊದಲೇ ಕೇಳುತ್ತೇನೆ. ನಮ್ಮೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಮನೆ ರಸೀದಿಯನ್ನೂ ಹಿಡಿದುಕೊಂಡು ಬನ್ನಿ.