ಟೈಲರ್ ಸ್ವಿಫ್ಟ್ ಕೇಳೋಕೂ ವಯಸ್ಸಿನ ಮಿತಿಯಾ?

ಅಮೆರಿಕದ ಪಾಪ್ ಗಾಯಕಿ ಟೈಲರ್ ಸ್ವಿಫ್ಟ್ ಹಾಡು ಇಷ್ಟ ಅಂದರೆ ಸಾಕು, ಎದುರಿಗಿದ್ದವರ ಮುಖದಲ್ಲಿ ಒಂದು ಕೊಂಕು ನಗು. 'ಅಯ್ಯೋ, ಅದು ಹೈಸ್ಕೂಲ್ ಹುಡುಗೀರು ಕೇಳೋದಲ್ವಾ? ಇನ್ನೂ ಬ್ರೇಕಪ್ ಬಗ್ಗೆನೇ ಹಾಡ್ತಾಳೆ.' ಹೀಗೆ ಹೇಳುವವರು ಕೇಳಿರುವುದು ಎರಡೋ ಮೂರೋ ಹಾಡು. ಅದೂ ರೀಲ್ಸ್‌ನಲ್ಲಿ, ಅರ್ಧಂಬರ್ಧ.

ಮನಸ್ಸು ಮುರಿಯೋದು ಹದಿನೆಂಟಕ್ಕೇ ನಿಂತುಹೋಗುತ್ತಾ? ಗಂಡಸರು ಅರವತ್ತರಲ್ಲಿ ವಿರಹದ ಹಾಡು ಬರೆದರೆ 'ಆಹಾ, ಎಂಥ ಅನುಭವ' ಅಂತ ಇವರೇ ತಲೆದೂಗುತ್ತಾರೆ.

ಇನ್ನೊಂದು ರಾಗ: 'ಅವಳೇ ಬರೀತಾಳಾ, ಯಾರಾದರೂ ಬರೆದುಕೊಡ್ತಾರಾ?' ಈ ಅನುಮಾನ ಹಳೆಯದು. 2010ರ 'ಸ್ಪೀಕ್ ನೌ' ಆಲ್ಬಮ್‌ನ ಮೂಲ ಆವೃತ್ತಿಯ 14 ಹಾಡುಗಳನ್ನೂ ಆಕೆ ಒಬ್ಬಳೇ ಬರೆದಳು. ಆಗ ವಯಸ್ಸು 20. ಇನ್ನು 2020ರ 'ಫೋಕ್‌ಲೋರ್' ನೋಡಿ. ಅದರ ಮೂರು ಹಾಡುಗಳಲ್ಲಿ ಒಂದೇ ಪ್ರೇಮಕಥೆ, ಒಂದೊಂದು ಒಬ್ಬೊಬ್ಬರ ಬಾಯಲ್ಲಿ. ಒಂದರಲ್ಲಿ ಮಾತಾಡುವವನು ತಪ್ಪು ಮಾಡಿ, ಹುಡುಗಿಯ ಮನೆ ಬಾಗಿಲಿಗೆ ಬಂದು ನಿಂತ 17ರ ಹುಡುಗ. ತನಗೇನೂ ಗೊತ್ತಿಲ್ಲ ಅಂತ ಗೋಗರೆಯುತ್ತಾನೆ. ಅವನ ಪೆದ್ದುತನವನ್ನು ಅಷ್ಟು ಚೆನ್ನಾಗಿ ಹಿಡಿಯೋಕೆ ಬರೆಯುವವರು ಆ ವಯಸ್ಸು ದಾಟಿರಬೇಕು. ಆಕೆಗೆ ಆಗ 30.

ಎಲ್ಲಾ ಹಾಡೂ ಚೆನ್ನಾಗಿವೆ ಅಂತ ನಾನೂ ಹೇಳಲ್ಲ. 2024ರಲ್ಲಿ ಒಂದೇ ದಿನ 31 ಹಾಡು ಸುರಿದಾಗ ನನಗೂ ಸುಸ್ತಾಯಿತು. ಅರ್ಧ ಕತ್ತರಿಸಬಹುದಿತ್ತು. ಬೈಯೋದಿದ್ದರೆ ಅದಕ್ಕೆ ಬೈಯಿರಿ, ಜೊತೆಗೆ ನಾನೂ ಕೂರುತ್ತೇನೆ. ಸುಮ್ನೆ ನನ್ನ ವಯಸ್ಸು ಯಾಕೆ ಕೇಳ್ತೀರಿ?