ಸತ್ಯಾಂಶ: ಡ್ಯೂರರ್ ಬರೆದ ಆ ಮುಗಿದ ಕೈಗಳು ಯಾರವು?

ಮುಗಿದ ಎರಡು ಕೈಗಳ ಹಳೇ ಚಿತ್ರ, ಕೆಳಗೊಂದು ಕಣ್ಣೀರಿನ ಕಥೆ: ಹೀಗೊಂದು ಸಂದೇಶ ಹರಿದಾಡುತ್ತದೆ. ಕಲಾವಿದನ ಓದಿಗಾಗಿ ಒಡಹುಟ್ಟಿದವನು ಗಣಿಯಲ್ಲಿ ದುಡಿದು ಕೈ ಹಾಳುಮಾಡಿಕೊಂಡನಂತೆ, ಇವು ಆ ಕೈಗಳಂತೆ. ಓದಿದರೆ ಮನಸ್ಸು ಕರಗುತ್ತದೆ, ನಾಲ್ಕು ಜನರಿಗೆ ಕಳಿಸೋಣ ಅನಿಸುತ್ತದೆ. ಆದರೆ ಕಥೆ ನಿಜವಲ್ಲ.

ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಇದನ್ನು ಬರೆದದ್ದು 1508ರಲ್ಲಿ, ನೀಲಿ ಕಾಗದದ ಮೇಲೆ, ಕುಂಚದಿಂದ. ಫ್ರಾಂಕ್‌ಫರ್ಟ್‌ನ ವ್ಯಾಪಾರಿ ಯಾಕೋಬ್ ಹೆಲ್ಲರ್ ಚರ್ಚಿಗಾಗಿ ಮಾಡಿಸಿದ ದೊಡ್ಡ ವರ್ಣಚಿತ್ರಕ್ಕೆ ಇದು ತಯಾರಿ. ಅದರಲ್ಲಿ ಮೇರಿ ಮಾತೆ ಸ್ವರ್ಗಕ್ಕೇರುತ್ತಾಳೆ, ಕೆಳಗೆ ಅಪೊಸ್ತಲರು, ಅಂದರೆ ಯೇಸುವಿನ ಶಿಷ್ಯರು, ಇದ್ದಾರೆ. ಅವರಲ್ಲೊಬ್ಬ ಸಂತನ ಕೈಗಳಿವು. ಇಂಥ ಹಾಳೆಗಳು ಇನ್ನೂ ಇವೆ: ಒಂದರಲ್ಲಿ ತಲೆ, ಇನ್ನೊಂದರಲ್ಲಿ ಬರೀ ಪಾದ. ಪಾದಕ್ಕೆ ಯಾರೂ ಕಥೆ ಕಟ್ಟಲಿಲ್ಲ, ಪಾಪ! ಮೂಲ ವರ್ಣಚಿತ್ರ 1729ರಲ್ಲಿ ಸುಟ್ಟುಹೋಯಿತು. ಅದರ ನಕಲು ಫ್ರಾಂಕ್‌ಫರ್ಟ್‌ನಲ್ಲಿದೆ.

ಪರೀಕ್ಷಿಸುವುದು ಕಷ್ಟವಲ್ಲ. ಮೊದಲು ಚಿತ್ರವನ್ನೇ ನಿಧಾನವಾಗಿ ನೋಡಿ. ಬೆರಳುಗಳು ಸಪೂರ, ನೆಟ್ಟಗೆ. ಗಣಿಯಲ್ಲಿ ಜಜ್ಜಿಹೋದ ಕೈ ಹೀಗಿರುತ್ತಾ? ಆಮೇಲೆ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಹಾಕಿ ಹುಡುಕಿ, ಅದು ಇರುವ ಮ್ಯೂಸಿಯಂನ ಮಾಹಿತಿ ಓದಿ. ಇದು ಇರುವುದು ವಿಯೆನ್ನಾದ ಆಲ್ಬರ್ಟಿನಾದಲ್ಲಿ. ಕೊನೆಗೆ ಕಥೆಯ ವಿವರಗಳನ್ನು ಕಲಾವಿದನ ಬದುಕಿನ ಜೊತೆ ಹೋಲಿಸಿ. ಕಥೆ ಹೇಳುವಂತೆ ಡ್ಯೂರರ್ ಮನೆಯಲ್ಲಿ ಹದಿನೆಂಟು ಮಕ್ಕಳು ಹುಟ್ಟಿದ್ದು ನಿಜ. ಆದರೆ ಅಪ್ಪ ಅಕ್ಕಸಾಲಿಗ. ತಮ್ಮಂದಿರಲ್ಲಿ ಎಂಡ್ರೆಸ್ ಅಕ್ಕಸಾಲಿಗನೇ ಆದ, ಹಾನ್ಸ್ ಚಿತ್ರಕಾರನಾದ. ಡ್ಯೂರರ್ ಕೂಡ ಯಾವ ಕಲಾಶಾಲೆಗೂ ಹೋಗಲಿಲ್ಲ. 1486ರಲ್ಲಿ ತನ್ನೂರು ನ್ಯೂರೆಂಬರ್ಗ್‌ನಲ್ಲೇ ಒಬ್ಬ ಚಿತ್ರಕಾರನ ಕೈಕೆಳಗೆ ಕೆಲಸ ಕಲಿಯಲು ಸೇರಿದ.